ಗೆರೆ ನಮ್ಮದು, ಹೆಸರು ಯಾರದು?

2023ರ ಜೂನ್‌ನಲ್ಲಿ ತೆರೆಕಂಡ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಅನಿಮೇಷನ್ ಚಿತ್ರವನ್ನು ಇಂದಿಗೂ ಮೊಬೈಲ್‌ನಲ್ಲಿ ತಿರುಗಾ ಮುರುಗಾ ನೋಡುವವರು ನಮ್ಮ ಕಾಲೇಜುಗಳಲ್ಲಿ ಕಡಿಮೆಯೇನಿಲ್ಲ. ಅದರ ಮುಂದಿನ ಭಾಗ 2027ರ ಜೂನ್‌ನಲ್ಲಿ ಬರಲಿದೆ ಎಂದು ನಿರ್ಮಾಪಕರು ಪ್ರಕಟಿಸಿದ್ದಾರೆ. ಜಗತ್ತಿನಾದ್ಯಂತ ಸುಮಾರು 69 ಕೋಟಿ ಡಾಲರ್ ಗಳಿಸಿದ ಚಿತ್ರವಿದು. ಹೊಡೆದಾಟ, ಓಟ, ಬಣ್ಣ, ಸಂಗೀತ ಎಲ್ಲದರಲ್ಲೂ ಸ್ಟೈಲ್ ಎಂದರೆ ಇದು ಎನ್ನುವಂತಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಪದವಿ ವಿದ್ಯಾರ್ಥಿಗಳಿಗೆ, ಕೆಲಸ ಹುಡುಕುತ್ತಿರುವವರಿಗೆ ಈ ಅಮೆರಿಕನ್ ಸಿನಿಮಾದಿಂದ ಆಗಬೇಕಾದ್ದೇನು ಎಂದು ಕೇಳಬಹುದು. ಆಗಬೇಕಾದ್ದು ಸಾಕಷ್ಟಿದೆ. ಆ ಚಿತ್ರದ ನಡುಭಾಗದಲ್ಲಿ ಬರುವ ಭಾರತದ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್ ಹುಟ್ಟಿದ್ದು ಹಾಲಿವುಡ್‌ನಲ್ಲಲ್ಲ, ನಮ್ಮ ದೇಶದ ಒಂದು ಕಾಮಿಕ್ಸ್ ಪುಸ್ತಕದಲ್ಲಿ. ಅವನನ್ನು ಬಿಡಿಸಿದ್ದು ಬೆಂಗಳೂರಿನ ಕಲಾವಿದ. ಇದು ಹೆಮ್ಮೆಯ ಸಂಗತಿ. ಆದರೆ ಹೆಮ್ಮೆಯ ಬೆನ್ನಿಗೇ ಒಂದು ಪ್ರಶ್ನೆಯೂ ಇದೆ. ಸ್ಟೈಲ್ ಹುಟ್ಟಿಸುವ ಕೈ ಎಲ್ಲಿಯದು, ಅದರ ಹೆಸರು ಮತ್ತು ಲಾಭ ಸೇರುವುದು ಎಲ್ಲಿಗೆ? ಕಾಲಿಗೆ ಹಾಕುವ ಚಪ್ಪಲಿಯ ವಿಷಯದಲ್ಲಿ ಇದೇ ಪ್ರಶ್ನೆ ಈಚೆಗೆ ಅಥಣಿಯವರೆಗೂ ಬಂದಿತ್ತು. ಸಿನಿಮಾದಿಂದಲೇ ಆರಂಭಿಸೋಣ.

ಧೋತರ ಉಟ್ಟ ಸ್ಪೈಡರ್‌ಮ್ಯಾನ್

2004ರಲ್ಲಿ ಗೋಥಮ್ ಎಂಟರ್‌ಟೈನ್‌ಮೆಂಟ್ ಎಂಬ ಸಂಸ್ಥೆ ಅಮೆರಿಕದ ಮಾರ್ವೆಲ್ ಕಂಪನಿಯಿಂದ ಲೈಸೆನ್ಸ್ ಪಡೆದು ‘ಸ್ಪೈಡರ್‌ಮ್ಯಾನ್: ಇಂಡಿಯಾ’ ಎಂಬ ನಾಲ್ಕು ಸಂಚಿಕೆಗಳ ಕಾಮಿಕ್ಸ್ ಹೊರತಂದಿತು. ಅದನ್ನು ರೂಪಿಸಿದವರು ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಜೀವನ್ ಜೆ. ಕಾಂಗ್. ಚಿತ್ರ ಬಿಡಿಸಿದವರು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಜೀವನ್ ಕಾಂಗ್.

ಅವರು ಮಾಡಿದ್ದು ಬರೀ ಭಾಷಾಂತರವಲ್ಲ. ಪೀಟರ್ ಪಾರ್ಕರ್ ಇಲ್ಲಿ ಪವಿತ್ರ್ ಪ್ರಭಾಕರ್ ಆದ. ಮೇರಿ ಜೇನ್ ಮೀರಾ ಜೈನ್ ಆದಳು. ಖಳನಾಯಕ ನಾರ್ಮನ್ ಆಸ್ಬಾರ್ನ್ ನಳಿನ್ ಒಬೆರಾಯ್ ಆದ. ಮೂಲ ಕಥೆಯಲ್ಲಿ ನಾಯಕನಿಗೆ ಶಕ್ತಿ ಬರುವುದು ಜೇಡ ಕಚ್ಚಿದ್ದರಿಂದ. ಇಲ್ಲಿ ಒಬ್ಬ ಯೋಗಿಯಿಂದ. ಸ್ಪೈಡರ್‌ಮ್ಯಾನ್‌ನ ಬಿಗಿ ಉಡುಪಿನ ಕೆಳಗಿನರ್ಧಕ್ಕೆ ಧೋತರ ಬಂತು.

ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಬೇರೆಯದು. ಈ ಕಾಮಿಕ್ಸ್‌ನ ಪವಿತ್ರ್ ಹಳ್ಳಿಯ ಹುಡುಗ. ಸ್ಕಾಲರ್‌ಶಿಪ್ ಸಿಕ್ಕಿದ್ದರಿಂದ ಮಾಯಾ ಚಿಕ್ಕಮ್ಮ, ಭೀಮ್ ಚಿಕ್ಕಪ್ಪನ ಜೊತೆ ಮುಂಬೈಗೆ ಬಂದವನು. ಶ್ರೀಮಂತ ಮನೆಯ ಸಹಪಾಠಿಗಳು ಅವನ ಬಟ್ಟೆ ನೋಡಿ ನಗುತ್ತಾರೆ. ಯಾದಗೂಡ, ಐನಾಪುರ, ಹಾರೂಗೇರಿ ಕಡೆಯಿಂದ ಬೆಳಗಾವಿಗೋ ಪುಣೆಗೋ ಬೆಂಗಳೂರಿಗೋ ಓದಲು ಹೋದ ಯಾರನ್ನೇ ಕೇಳಿ. ಆ ನಗು ಎಂಥದ್ದೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾತಿನ ಧಾಟಿಗೆ, ಇಂಗ್ಲಿಷ್‌ಗೆ, ಊಟದ ಡಬ್ಬಿಯ ರೊಟ್ಟಿಗೆ ಸಿಗುವ ನಗು ಅದು. ನಾಲ್ಕು ಸಂಚಿಕೆಯ ಆ ಸಣ್ಣ ಪುಸ್ತಕದಲ್ಲಿ ಸೂಪರ್‌ಹೀರೊ ಮೊದಲ ಬಾರಿಗೆ ನಮ್ಮಂಥವನಾಗಿದ್ದ.

ಸಿನಿಮಾಕ್ಕೆ ಬಂದಾಗ ಉಳಿದದ್ದು, ಕಳೆದದ್ದು

19 ವರ್ಷಗಳ ನಂತರ ಅದೇ ಪವಿತ್ರ್ ದೊಡ್ಡ ಪರದೆಗೆ ಬಂದ. ಮುಂಬೈ ಮತ್ತು ಮ್ಯಾನ್‌ಹ್ಯಾಟನ್ ಸೇರಿಸಿ ಕಟ್ಟಿದ ‘ಮುಂಬಾಟನ್’ ಅವನ ಊರು. ಒಂದರ ಮೇಲೊಂದು ಪೇರಿಸಿಟ್ಟ ಕಟ್ಟಡಗಳು, ಸಾಲುಗಟ್ಟಿದ ಬೋರ್ಡುಗಳು, ಟ್ರಾಫಿಕ್. ಚಾಯ್ ಎಂದರೂ ಟೀ ಎಂದರೂ ಒಂದೇ, ‘ಚಾಯ್ ಟೀ’ ಎಂದರೆ ಚಹಾ ಚಹಾ ಎಂದಂತೆ ಎಂದು ಅವನು ಮೈಲ್ಸ್ ಮೊರೇಲ್ಸ್‌ನನ್ನು ಗದರಿಸುವ ದೃಶ್ಯಕ್ಕೆ ನಮ್ಮ ದೇಶದ ಪ್ರೇಕ್ಷಕರು ಸೀಟಿ ಹೊಡೆದರು. ಬ್ರಿಟಿಷರು ನಮ್ಮ ವಸ್ತುಗಳನ್ನೆಲ್ಲ ಕದ್ದೊಯ್ದ ಬಗ್ಗೆ ಒಂದು ಚಾಟಿಯೇಟೂ ಇದೆ.

ಆದರೆ ಹಳ್ಳಿ ಮಾಯವಾಗಿದೆ. ಸ್ಕಾಲರ್‌ಶಿಪ್, ಗೇಲಿ, ಬಡತನ ಇಲ್ಲ. ಸಿನಿಮಾದ ಪವಿತ್ರ್ ಎಲ್ಲವೂ ಸುಲಭವಾಗಿ ಒದಗಿಬಂದ ಹುಡುಗ. ಹೊಳೆಯುವ ಕೂದಲು, ಪ್ರೀತಿಸುವ ಹುಡುಗಿ, ಕಷ್ಟವೇ ಕಾಣದ ಲವಲವಿಕೆ. ಚಿತ್ರದ ಕಥೆಗೆ ಅಂಥವನೇ ಬೇಕಿತ್ತು, ನಿಜ. ಏಕೆಂದರೆ ಮೈಲ್ಸ್‌ನ ಗೊಂದಲಕ್ಕೆ ಎದುರಾಗಿ ಒಬ್ಬ ನಿಶ್ಚಿಂತನನ್ನು ನಿಲ್ಲಿಸಬೇಕಿತ್ತು. ಆದರೂ ಒಂದು ಕಾಮಿಕ್ಸ್ ಸಿನಿಮಾವಾಗುವಾಗ ಏನನ್ನು ಎತ್ತಿಕೊಳ್ಳುತ್ತಾರೆ, ಏನನ್ನು ಬಿಟ್ಟುಬಿಡುತ್ತಾರೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಬಣ್ಣ, ವೇಷ, ಊರಿನ ಗದ್ದಲ ದಾಟಿಬಂದವು. ಹಳ್ಳಿಯ ಹುಡುಗನ ಅವಮಾನ ಪುಸ್ತಕದಲ್ಲೇ ಉಳಿಯಿತು. ಅದನ್ನು ಹೇಳಬೇಕಾದವರು ನಾವೇ.

ಅಗ್ಗದ ಅಚ್ಚಿನ ದೋಷವೇ ಸ್ಟೈಲ್

ಈ ಚಿತ್ರ ಏಕೆ ಇಷ್ಟು ಸ್ಟೈಲಿಶ್ ಆಗಿ ಕಾಣುತ್ತದೆ ಎಂಬುದನ್ನು ತಿಳಿದುಕೊಂಡರೆ ಒಂದು ದೊಡ್ಡ ಭ್ರಮೆ ಹರಿಯುತ್ತದೆ. ಸ್ಟೈಲ್ ಎಂದರೆ ದುಬಾರಿ ಯಂತ್ರ, ದುಬಾರಿ ಸಾಫ್ಟ್‌ವೇರ್ ಎಂಬುದೇ ಆ ಭ್ರಮೆ.

ಹಳೆಯ ಕಾಮಿಕ್ಸ್ ಪುಸ್ತಕಗಳು ಅಗ್ಗದ ಕಾಗದದ ಮೇಲೆ ನಾಲ್ಕೇ ಬಣ್ಣದ ಶಾಯಿಯಲ್ಲಿ ಅಚ್ಚಾಗುತ್ತಿದ್ದವು. ತಿಳಿ ಬಣ್ಣ ಬೇಕಿದ್ದರೆ ಸಣ್ಣ ಸಣ್ಣ ಚುಕ್ಕೆ ಹಾಕುತ್ತಿದ್ದರು. ಒಂದು ಬಣ್ಣದ ಅಚ್ಚು ಕೂದಲೆಳೆಯಷ್ಟು ಸರಿದರೂ ಗೆರೆ ದಾಟಿ ಬಣ್ಣ ಚೆಲ್ಲಿದಂತೆ ಕಾಣುತ್ತಿತ್ತು. ನಮ್ಮೂರಿನ ಹಳೆಯ ಲಗ್ನಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್‌ಗಳಲ್ಲಿ ಇದನ್ನು ಎಲ್ಲರೂ ಕಂಡಿದ್ದೇವೆ. ಸ್ಪೈಡರ್‌ವರ್ಸ್ ತಂಡ ಆ ಚುಕ್ಕೆಯನ್ನು, ಆ ಸರಿದ ಬಣ್ಣವನ್ನು ಬೇಕೆಂದೇ ಕಂಪ್ಯೂಟರ್‌ನಲ್ಲಿ ಮರುಸೃಷ್ಟಿಸಿತು. ಬಡವರ ಅಚ್ಚಿನ ದೋಷ ಜಗತ್ತಿನ ಹೊಸ ಫ್ಯಾಷನ್ ಆಯಿತು.

ಇನ್ನೊಂದು ತಂತ್ರ ಚಲನೆಯದು. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ಓಡುತ್ತದೆ. 2018ರ ಮೊದಲ ಭಾಗದಲ್ಲಿ, ಇನ್ನೂ ಕಲಿಯುತ್ತಿರುವ ಮೈಲ್ಸ್‌ನನ್ನು ಸೆಕೆಂಡಿಗೆ 12 ಭಂಗಿಗಳಲ್ಲಿ ಚಲಿಸುವಂತೆ ಮಾಡಿದ ದೃಶ್ಯಗಳಿವೆ. ಒಂದೊಂದು ಭಂಗಿಯೂ ಎರಡೆರಡು ಫ್ರೇಮ್ ನಿಲ್ಲುತ್ತದೆ. ಪಕ್ಕದಲ್ಲೇ ಓಡುವ ಪಳಗಿದ ಪೀಟರ್ ಪಾರ್ಕರ್ 24ರಲ್ಲೂ ಹೊಸ ಭಂಗಿ ತಾಳುತ್ತಾನೆ. ಒಬ್ಬ ತಡವರಿಸುತ್ತಾನೆ, ಇನ್ನೊಬ್ಬ ನೀರಿನಂತೆ ಹರಿಯುತ್ತಾನೆ. ಒಂದು ಮಾತೂ ಇಲ್ಲದೆ ‘ಇವನಿಗೆ ಇನ್ನೂ ಅಭ್ಯಾಸ ಸಾಲದು’ ಎಂದು ಕಣ್ಣಿಗೆ ತಿಳಿಯುತ್ತದೆ. ಆ ಚಿತ್ರಕ್ಕೆ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು.

ಮುಂಬಾಟನ್‌ನ ಬಣ್ಣಗಾರಿಕೆಗೆ ಆ ತಂಡ ಹುಡುಕಿಕೊಂಡ ಮಾದರಿ ಯಾವುದು ಗೊತ್ತೇ? ನಮ್ಮ ‘ಇಂದ್ರಜಾಲ್ ಕಾಮಿಕ್ಸ್’. 1964ರಿಂದ 1990ರವರೆಗೆ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಹೊರತರುತ್ತಿದ್ದ, ನಮ್ಮ ತಂದೆಯವರ ತಲೆಮಾರು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡು ಹಂಚಿಕೊಂಡು ಓದಿದ ಪುಸ್ತಕಗಳವು. ಫ್ಯಾಂಟಮ್, ಮ್ಯಾಂಡ್ರೇಕ್ ಕಥೆಗಳು ಮನೆಮನೆಗೆ ಬಂದದ್ದು ಅವುಗಳಿಂದ.

ಆ ಪುಸ್ತಕಗಳ ಆರಂಭದ ದಿನಗಳಲ್ಲಿ ಅಲ್ಲಿ ಕೆಲಸ ಮಾಡಿದವರು ಕಾರ್ಕಳದಲ್ಲಿ ಹುಟ್ಟಿದ ಅನಂತ್ ಪೈ. ಅವರೇ 1967ರಲ್ಲಿ ‘ಅಮರ ಚಿತ್ರಕಥೆ’ಯ ಸಂಪಾದಕರಾದರು. ಅಮರ ಚಿತ್ರಕಥೆಯ ಬೇರು ಕನ್ನಡದಲ್ಲೇ ಇದೆ ಎಂಬುದು ಹೆಚ್ಚಿನವರಿಗೆ ತಿಳಿಯದು. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವು. ಅವು ಪಾಶ್ಚಾತ್ಯ ಮಕ್ಕಳ ಕಥೆಗಳ ಕನ್ನಡ ರೂಪ. ಅದಕ್ಕೇ ಅನಂತ್ ಪೈ ಅವರ ‘ಕೃಷ್ಣ’ ಪುಸ್ತಕದ ಸಂಖ್ಯೆ 11ರಿಂದ ಆರಂಭವಾಗುತ್ತದೆ. ಕನ್ನಡಕ್ಕೆ ಕಾಮಿಕ್ಸ್ ಹೊಸದಲ್ಲ. ‘ಸುಧಾ’ದಲ್ಲಿ ಫ್ಯಾಂಟಮ್, ‘ಬಾಲಮಂಗಳ’ದಲ್ಲಿ ಡಿಂಗ ಓದಿ ಬೆಳೆದ ಓದುಗರು ನಮ್ಮಲ್ಲಿ ಲಕ್ಷಾಂತರ. ಓದುವ ಕಣ್ಣಿತ್ತು, ಬಿಡಿಸುವ ಕೈಯೂ ಇತ್ತು. ಅವು ಸೇರಿ ಒಂದು ಉದ್ಯಮವಾಗಲಿಲ್ಲ, ಅಷ್ಟೇ.

ಎರಡು ಭಾಷೆ ಬಲ್ಲವರ ಸೀಮೆ

‘ಅಕ್ರಾಸ್ ದ ಸ್ಪೈಡರ್‌ವರ್ಸ್’ ಭಾರತದಲ್ಲಿ ಇಂಗ್ಲಿಷ್ ಸೇರಿ 10 ಭಾಷೆಗಳಲ್ಲಿ ಬಂತು. ಅವುಗಳಲ್ಲಿ ಕನ್ನಡವೂ ಇತ್ತು, ಮರಾಠಿಯೂ ಇತ್ತು. ಒಂದೇ ಮನೆಯಲ್ಲಿ ಎರಡೂ ಭಾಷೆ ಆಡುವ ನಮ್ಮ ಐದು ತಾಲ್ಲೂಕುಗಳ ಮಟ್ಟಿಗೆ ಇದು ಸಣ್ಣ ಸುದ್ದಿಯಲ್ಲ.

ಕನ್ನಡದಲ್ಲಿ ಪರಭಾಷೆಯ ಚಿತ್ರ ಡಬ್ ಆಗುವುದು 1960ರ ದಶಕದಿಂದ ಅಲಿಖಿತವಾಗಿ ನಿಂತೇ ಹೋಗಿತ್ತು. ಕನ್ನಡ ಚಿತ್ರೋದ್ಯಮ ಉಳಿಯಬೇಕೆಂಬ ಅಂದಿನ ಕಾಳಜಿಗೆ ಕಾರಣವಿತ್ತು. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಈ ತಡೆ ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ತೀರ್ಪಿತ್ತ ಮೇಲೆ ಬಾಗಿಲು ತೆರೆಯಿತು. ಆದರೆ ತೆರೆದ ಬಾಗಿಲಿನಿಂದ ಎಲ್ಲರೂ ಬರುತ್ತಾರೆಂದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಮಾಂಗಾ ಕಾಮಿಕ್ಸ್ ಆಧರಿಸಿದ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಭಾರತಕ್ಕೆ ಬಂದಾಗ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇದ್ದವು. ಕನ್ನಡ, ಮರಾಠಿ ಇರಲಿಲ್ಲ. ಟಿಕೆಟ್ ಕೊಳ್ಳುವವರು ಯಾವ ಭಾಷೆಯಲ್ಲಿ ಕೇಳುತ್ತಾರೋ ಆ ಭಾಷೆಗೆ ಕಂಪನಿಗಳು ಬರುತ್ತವೆ. ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಕಾಗವಾಡದವರು ಮಿರಜ, ಸಾಂಗಲಿಗೆ ಹೋಗಿ ಹಿಂದಿಯಲ್ಲಿ ನೋಡಿ ಬಂದರೆ ಲೆಕ್ಕದಲ್ಲಿ ನಾವು ಹಿಂದಿ ಪ್ರೇಕ್ಷಕರೇ ಆಗುತ್ತೇವೆ.

ಇದರಲ್ಲಿ ಕೆಲಸದ ಮಾತೂ ಇದೆ. ಡಬ್ಬಿಂಗ್ ಎಂದರೆ ಬರೀ ದನಿಯಲ್ಲ. ಸಂಭಾಷಣೆಯನ್ನು ತುಟಿಯ ಚಲನೆಗೆ ಹೊಂದಿಸಿ ಬರೆಯುವವರು, ಸಬ್‌ಟೈಟಲ್ ಮಾಡುವವರು, ಗೇಮ್‌ಗಳ ಪಠ್ಯವನ್ನು ಭಾಷೆಗೆ ತರುವವರು ಬೇಕು. ‘ಚಹಾ ಚಹಾ’ ತಮಾಷೆಯನ್ನು ಕನ್ನಡದಲ್ಲಿ ಒಂದು ಬಗೆ, ಮರಾಠಿಯಲ್ಲಿ ಇನ್ನೊಂದು ಬಗೆಯಲ್ಲಿ ನಗು ಬರುವಂತೆ ಹೇಳಬೇಕು. ಗಡಿಭಾಗದವರೆಂದು ಎರಡೂ ಕಡೆಯಿಂದ ಮಾತು ಕೇಳುವ ನಮಗೆ ಇದು ಹುಟ್ಟಿನಿಂದಲೇ ಬಂದ ವಿದ್ಯೆ. ರೆಸ್ಯೂಮೆಯಲ್ಲಿ ‘ಗೊತ್ತಿರುವ ಭಾಷೆಗಳು’ ಎಂಬ ಕೊನೆಯ ಸಾಲಿನಲ್ಲಿ ಅಡಗಿಸಿಡುವ ವಿದ್ಯೆ ಅದಲ್ಲ.

ಕೆಲಸವಿದೆ, ಕಣ್ಣು ತೆರೆದು ಹೋಗಬೇಕು

ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಈ ನಾಲ್ಕನ್ನೂ ಸೇರಿಸಿ ಎವಿಜಿಸಿ ಕ್ಷೇತ್ರ ಎನ್ನುತ್ತಾರೆ. 2012ರಲ್ಲಿ ದೇಶದಲ್ಲೇ ಮೊದಲು ಇದಕ್ಕೊಂದು ನೀತಿ ರೂಪಿಸಿದ್ದು ಕರ್ನಾಟಕ. ಈಗ 2024–29ರ ನೀತಿ ಜಾರಿಯಲ್ಲಿದ್ದು, 30 ಸಾವಿರ ಹೊಸ ಉದ್ಯೋಗ ಸೃಷ್ಟಿಸುವ ಗುರಿ ಹೇಳಿದೆ. 2025ರಲ್ಲಿ ಕನ್ನಡದ ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ ನರಸಿಂಹ’ ಭಾರತದ ಅನಿಮೇಷನ್ ಚಿತ್ರಗಳ ಗಳಿಕೆಯ ದಾಖಲೆಗಳನ್ನೆಲ್ಲ ಮುರಿಯಿತು. ಅನಿಮೇಷನ್ ಎಂದರೆ ಚಿಕ್ಕ ಮಕ್ಕಳ ಆಟ ಎನ್ನುತ್ತಿದ್ದವರೂ ಕುಟುಂಬ ಸಮೇತ ಥಿಯೇಟರ್‌ಗೆ ಹೋದರು.

ಇಷ್ಟು ಕೇಳಿ ಜಾಹೀರಾತು ನೋಡಿದ ಕೂಡಲೇ ಲಕ್ಷಗಟ್ಟಲೆ ಫೀ ಕಟ್ಟಿ ಕೋರ್ಸ್ ಸೇರುವ ಮುನ್ನ ಇನ್ನೊಂದು ಮುಖವನ್ನೂ ನೋಡಬೇಕು. ಹಾಲಿವುಡ್‌ನ ದೊಡ್ಡ ದೊಡ್ಡ ಚಿತ್ರಗಳಿಗೆ ವಿಷುಯಲ್ ಎಫೆಕ್ಟ್ಸ್ ಮಾಡುತ್ತಿದ್ದ ಟೆಕ್ನಿಕಲರ್ ಸಮೂಹ 2025ರ ಫೆಬ್ರುವರಿಯಲ್ಲಿ ಕುಸಿದುಬಿತ್ತು. ಭಾರತದಲ್ಲಿ ಸುಮಾರು 3 ಸಾವಿರ ಮಂದಿಗೆ ಕೆಲಸ ಹೋಯಿತು. ಅವರಲ್ಲಿ ಬಹುತೇಕರು ಬೆಂಗಳೂರಿನವರು. ಅವರ ಕೈಚಳಕದಲ್ಲಿ ಕೊರತೆ ಇರಲಿಲ್ಲ. ದೂರದ ದೇಶದ ಕಂಪನಿಯ ಲೆಕ್ಕ ತಪ್ಪಿದಾಗ ಇಲ್ಲಿನ ದೀಪ ಆರಿತು.

ಸ್ಪೈಡರ್‌ವರ್ಸ್ ಚಿತ್ರಕ್ಕೂ ಇಂಥದೊಂದು ನೆರಳಿದೆ. ಸಾವಿರದಷ್ಟು ಕಲಾವಿದರು ದುಡಿದ ಚಿತ್ರವದು. ಅದು ಬಿಡುಗಡೆಯಾದ ತಿಂಗಳಲ್ಲೇ ಅಮೆರಿಕದ ‘ವಲ್ಚರ್’ ಪತ್ರಿಕೆ ಒಂದು ವರದಿ ಪ್ರಕಟಿಸಿತು. ದಿನಕ್ಕೆ 11 ತಾಸಿಗೂ ಹೆಚ್ಚು, ವಾರದ ಏಳೂ ದಿನ ಕೆಲಸ, ಮುಗಿಸಿದ್ದನ್ನೇ ಮತ್ತೆ ಮತ್ತೆ ಬದಲಿಸುವ ಒತ್ತಡ, ಇದರಿಂದ ಸುಮಾರು 100 ಮಂದಿ ನಡುವೆಯೇ ಬಿಟ್ಟುಹೋದರು ಎಂದು ಅಲ್ಲಿ ದುಡಿದ ಕೆಲವರು ಹೆಸರು ಬಹಿರಂಗಪಡಿಸದೆ ಹೇಳಿದ್ದರು. ಇಂಥ ಬದಲಾವಣೆ ಸಿನಿಮಾ ತಯಾರಿಕೆಯಲ್ಲಿ ಸಾಮಾನ್ಯ ಎಂಬುದು ನಿರ್ಮಾಪಕರ ಕಡೆಯ ಉತ್ತರವಾಗಿತ್ತು. ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ತಾಯಿ, ಅಜ್ಜಿಯರು ಬೀಡಿ ಕಟ್ಟಿದ್ದನ್ನು ನೋಡಿ ಬೆಳೆದ ನಿಪ್ಪಾಣಿಯ ಮಕ್ಕಳಿಗೆ ಈ ಮಾತು ಹೊಸದೆನಿಸದು. ಕೆಲಸ ಎ.ಸಿ. ಕೋಣೆಯೊಳಗೆ ಬಂದರೂ ಲೆಕ್ಕದ ಪರಿ ಅಷ್ಟೇನೂ ಬದಲಾಗಿಲ್ಲ.

130 ಡಾಲರ್ ಮತ್ತು ಒಂದು ಜೊತೆ ಚಪ್ಪಲಿ

ಇಲ್ಲಿಗೆ ಮೂಲ ಪ್ರಶ್ನೆಗೆ ಬಂದೆವು. ಪವಿತ್ರ್ ಪ್ರಭಾಕರ್‌ನ ಒಡೆತನ ಯಾರದು? ಮಾರ್ವೆಲ್‌ನದು. ಲೈಸೆನ್ಸ್ ಪಡೆದು ಮಾಡಿದ ಕೆಲಸದ ನಿಯಮವೇ ಅದು. ಸಿನಿಮಾ ನೋಡಿ ಹೊರಬರುವ ಹುಡುಗರಲ್ಲಿ ಅವನನ್ನು ಬಿಡಿಸಿದ ಕಲಾವಿದನ ಹೆಸರು ಬಲ್ಲವರು ಎಷ್ಟು ಮಂದಿ?

ಕಾಮಿಕ್ಸ್ ಲೋಕದಲ್ಲಿ ಇದು ಮೊದಲಿನಿಂದ ಬಂದ ಕಥೆ. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಅದರ ಹಕ್ಕನ್ನು 130 ಡಾಲರ್‌ಗೆ ಬರೆದುಕೊಟ್ಟರು. ಮುಂದೆ ಆ ಪಾತ್ರದಿಂದ ಕೋಟಿ ಕೋಟಿ ವ್ಯಾಪಾರ ನಡೆಯುವಾಗ ಅವರಿಬ್ಬರೂ ಕಷ್ಟದಲ್ಲಿದ್ದರು. ಸೂಪರ್‌ಮ್ಯಾನ್ ಸಿನಿಮಾ ತಯಾರಾಗುತ್ತಿದ್ದ ಹೊತ್ತಿನಲ್ಲಿ, 1975ರಲ್ಲಿ, ಸಾರ್ವಜನಿಕರ ಒತ್ತಡಕ್ಕೆ ಮಣಿದು ಕಂಪನಿ ವರ್ಷಕ್ಕೆ ತಲಾ 20 ಸಾವಿರ ಡಾಲರ್ ಪಿಂಚಣಿ ಕೊಟ್ಟಿತು. ಪುಸ್ತಕದಲ್ಲಿ ಅವರ ಹೆಸರನ್ನೂ ಹಾಕಿತು.

ಈಗ ನಮ್ಮ ಊರಿಗೆ ಬನ್ನಿ. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ಫ್ಯಾಷನ್ ಷೋದಲ್ಲಿ ಪ್ರಾಡಾ ಕಂಪನಿಯ ಮಾಡೆಲ್‌ಗಳು ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆ ಹಾಕಿ ನಡೆದರು. ಆಗ ಅದರ ಮೂಲದ ಉಲ್ಲೇಖವೇ ಇರಲಿಲ್ಲ. ಗದ್ದಲವಾಯಿತು. ಆನಂತರ ಕಂಪನಿ ಭಾರತದ ಕುಶಲಕಲೆಯಿಂದ ಸ್ಫೂರ್ತಿ ಪಡೆದದ್ದಾಗಿ ಒಪ್ಪಿಕೊಂಡಿತು. ಗದ್ದಲದಲ್ಲೂ ಹೆಚ್ಚು ಕೇಳಿಬಂದದ್ದು ಕೊಲ್ಹಾಪುರದ ಹೆಸರು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಭಾಗದ ಕುಶಲಕರ್ಮಿಗಳೂ ತಲೆಮಾರುಗಳಿಂದ ಈ ಚಪ್ಪಲಿ ಮಾಡುತ್ತ ಬಂದವರು ಎಂದು ಸಚಿವ ಪ್ರಿಯಾಂಕ್ ಖರ್ಗೆ ನೆನಪಿಸಬೇಕಾಯಿತು. 2019ರಲ್ಲಿ ಈ ಚಪ್ಪಲಿಗೆ ಸಿಕ್ಕ ಜಿಐ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸೇರಿದ್ದು.

ಆ ಜಿಐ ದಾಖಲೆ ಇದ್ದದ್ದರಿಂದಲೇ ಮುಂದಿನ ಮಾತುಕತೆ ಸಾಧ್ಯವಾಯಿತು. 2025ರ ಡಿಸೆಂಬರ್‌ನಲ್ಲಿ ಪ್ರಾಡಾ ಕಂಪನಿ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಇಲ್ಲಿನ ಕುಶಲಕರ್ಮಿಗಳಿಂದ 2 ಸಾವಿರ ಜೊತೆ ಮಾಡಿಸಿ ಜೊತೆಗೆ ಸುಮಾರು 800 ಯೂರೊದಂತೆ ಮಾರುವುದಾಗಿ ಹೇಳಿತು. ನಮ್ಮ ರೂಪಾಯಿಯಲ್ಲಿ ಅದು 80 ಸಾವಿರಕ್ಕೂ ಹೆಚ್ಚು. ಅದರಲ್ಲಿ ಹದ ಮಾಡಿದ ಚರ್ಮ ಕತ್ತರಿಸಿ, ಜಡೆ ಹೆಣೆದು, ಹೊಲಿಯುವ ಕೈಗೆ ಎಷ್ಟು ಸೇರಬೇಕು ಎಂಬ ಪ್ರಶ್ನೆ ಉಳಿದೇ ಇದೆ. ಆದರೂ ಕಾಗದದ ಮೇಲೆ ಹೆಸರಿದ್ದವರನ್ನು ಜಗತ್ತಿನ ದೊಡ್ಡ ಕಂಪನಿಯೂ ಮಾತಿಗೆ ಕರೆಯಬೇಕಾಯಿತು ಎಂಬುದನ್ನು ಮರೆಯಬಾರದು.

ಕಾಮಿಕ್ಸ್ ಮತ್ತು ಚಪ್ಪಲಿ ಬೇರೆ ಬೇರೆ ಲೋಕದವು ಎನಿಸಬಹುದು. ಎರಡರಲ್ಲೂ ಜಗತ್ತು ಕೊಳ್ಳುತ್ತಿರುವುದು ಒಂದೇ ಸರಕನ್ನು. ಅದು ಒಂದು ಜಾಗದ ಜನ ತಲೆಮಾರುಗಟ್ಟಲೆ ಪಳಗಿಸಿಕೊಂಡ ಅಂದ. ಅದಕ್ಕೇ ಹೊರಗಿನವರು ಸ್ಟೈಲ್ ಎನ್ನುತ್ತಾರೆ.

ನಮ್ಮ ಕಥೆಗೆ ನಾವೇ ಕೈ ಹಾಕಿದರೆ

ನಮ್ಮ ಸುತ್ತಲಿನ ಇತಿಹಾಸದಲ್ಲೇ ಧೈರ್ಯ ಕೊಡುವ ಉದಾಹರಣೆಗಳಿವೆ. ನಿಪ್ಪಾಣಿಯಿಂದ 40 ಕಿ.ಮೀ. ಆಚೆಗಿನ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ಎಂಬ ಕಲಾವಿದರು ನೂರು ವರ್ಷದ ಹಿಂದೆ ನಾಟಕದ ಪರದೆ ಬರೆಯುತ್ತಿದ್ದರು. ಮೇಸ್ತ್ರಿ ಅವರ ಮನೆತನದ ಹೆಸರು, ಪೇಂಟರ್ ಕೆಲಸದಿಂದ ಬಂದ ಹೆಸರು. ಅವರು ತಮ್ಮ ಕ್ಯಾಮೆರಾ ತಾವೇ ಕಟ್ಟಿಕೊಂಡು ಸಿನಿಮಾ ಕಂಪನಿ ತೆರೆದರು. ಪೋಸ್ಟರ್‌ಗಳನ್ನೂ ತಾವೇ ಬರೆದರು. ಅವರ ಗರಡಿಯಲ್ಲಿ ಪಳಗಿದ ವಿ. ಶಾಂತಾರಾಮ್ ಮತ್ತು ಗೆಳೆಯರು 1929ರಲ್ಲಿ ಅದೇ ಊರಿನಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಕಟ್ಟಿದರು.

ನಿಪ್ಪಾಣಿಯಲ್ಲೇ ಇನ್ನೊಂದು ಉದಾಹರಣೆ ಇದೆ. ಇಲ್ಲಿನ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಸಂಘ ಕಟ್ಟಿ ಹೋರಾಡಿದ ಕಥೆಯನ್ನು ದೀಪಾ ಧನರಾಜ್ ಅವರಿದ್ದ ಯುಗಾಂತರ್ ತಂಡ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಚಿತ್ರವಾಗಿಸಿತು. ಆ ಕೆಲಸಗಾರ ಹೆಂಗಸರೇ ಅದರಲ್ಲಿ ಕಾಣಿಸಿಕೊಂಡು ತಮ್ಮ ಮಾತು ತಾವೇ ಆಡಿದರು. 1981ರ ತಂಬಾಕು ಬೆಳೆಗಾರರ ಹೆದ್ದಾರಿ ತಡೆ, ಏಪ್ರಿಲ್ 6ರ ಗೋಲಿಬಾರ್ ಇವೆಲ್ಲ ನಡೆದದ್ದೂ ಇದೇ ಊರಿನಲ್ಲಿ. ಅದರ ಮೇಲೊಂದು ಚಿತ್ರಕಥೆ ಬರೆದರೆ ಯಾವ ಆ್ಯಕ್ಷನ್ ಸಿನಿಮಾಕ್ಕೆ ಕಡಿಮೆ? ಕೃಷ್ಣೆ, ದೂಧಗಂಗೆ, ವೇದಗಂಗೆಯರ 2019ರ ಮಹಾಪೂರ, ಚಿಂಚಲಿ ಮಾಯಕ್ಕನ ಜಾತ್ರೆಯ ಭಂಡಾರದ ಹಳದಿ, ಶ್ರೀಕೃಷ್ಣ ಪಾರಿಜಾತದ ಕೊರವಂಜಿ, ಕಬ್ಬಿನ ಹಂಗಾಮಿನ ರಾತ್ರಿ ಟ್ರ್ಯಾಕ್ಟರ್ ಸಾಲು. ಮುಂಬಾಟನ್‌ಗೆ ಸಿಕ್ಕ ಬಣ್ಣಕ್ಕಿಂತ ಇಲ್ಲಿನದು ಮಂಕಲ್ಲ.

ಕೈ ಹಾಕಬೇಕೆನ್ನುವ ಗೆಳೆಯರು ಕೆಲವು ಸಂಗತಿ ತಿಳಿದಿರಬೇಕು. ಶಾಲೆಯಲ್ಲಿ ಲೋವರ್, ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಪಾಸಾದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ಸರ್ಟಿಫಿಕೇಟ್ ಟ್ರಂಕಿನಲ್ಲೇ ಉಳಿಯಬೇಕಿಲ್ಲ. ಬ್ಲೆಂಡರ್, ಕ್ರೀಟಾದಂಥ ಸಾಫ್ಟ್‌ವೇರ್ ಪೂರ್ತಿ ಉಚಿತ. ಫೀ ಕಟ್ಟುವ ಮುನ್ನ ಆರು ತಿಂಗಳು ಅವುಗಳಲ್ಲಿ ಕೈ ಪಳಗಿಸಿ, ಹತ್ತು ಪುಟದ ಒಂದು ಕಥೆ ಬಿಡಿಸಿ ನೋಡಿ. ಸ್ಟುಡಿಯೊಗಳು ಕೇಳುವುದು ಅಂಕಪಟ್ಟಿಗಿಂತ ಮೊದಲು ನೀವು ಮಾಡಿದ ಕೆಲಸವನ್ನು.

ಇನ್ನು ಹಕ್ಕಿನ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬಿಡಿಸಿದ ಚಿತ್ರದ ಮೊದಲ ಒಡೆಯರು ಸಾಮಾನ್ಯವಾಗಿ ನೀವೇ. ನೌಕರಿಯ ಭಾಗವಾಗಿ ಮಾಡಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದು ಕಂಪನಿಗೆ ಸೇರುತ್ತದೆ. ಹಕ್ಕು ಬರೆದುಕೊಡುವುದು ಲಿಖಿತವಾಗಿ, ಸಹಿಯೊಂದಿಗೇ ಆಗಬೇಕು. ಎಷ್ಟು ವರ್ಷಕ್ಕೆ ಎಂದು ಪತ್ರದಲ್ಲಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷವೆಂದೇ ಎಣಿಸುತ್ತದೆ. ಹಕ್ಕು ಮಾರಿದ ಮೇಲೂ ‘ಇದನ್ನು ಬಿಡಿಸಿದವನು ನಾನು’ ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಕಲಂ ಕಾಪಾಡುತ್ತದೆ. ಸಹಿ ಹಾಕುವ ಮುನ್ನ ಒಪ್ಪಂದ ಪತ್ರವನ್ನು ಊರಿನ ವಕೀಲರೊಬ್ಬರಿಗೆ ತೋರಿಸುವುದು ನಾಚಿಕೆಯ ಕೆಲಸವಲ್ಲ. ಸೀಗಲ್, ಶುಸ್ಟರ್ ಅವರಿಗೆ ಆಗ 23–24ರ ವಯಸ್ಸು, ನಮ್ಮದೇ ವಯಸ್ಸು.

ಸರ್ಕಾರದ ಪಾಲೂ ಇದೆ. 30 ಸಾವಿರ ಉದ್ಯೋಗದ ಗುರಿ ಬೆಂಗಳೂರಿನ ಹೊರವರ್ತುಲ ರಸ್ತೆಯೊಳಗೇ ಮುಗಿದುಹೋಗಬಾರದು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತರೆ ಸಿಗುವ ಬೆಂಗಳೂರು ಎಲ್ಲ ಮನೆಯ ಮಕ್ಕಳಿಗೂ, ಅದರಲ್ಲೂ ಹೆಣ್ಣುಮಕ್ಕಳಿಗೆ, ಸುಲಭವಾಗಿ ಎಟುಕುವುದಿಲ್ಲ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ ಎಂದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪ್ರತ್ಯೇಕವಾಗಿ ಎಣಿಸುವ ಸರ್ಕಾರ, ಈ ಭಾಗದ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಾದರೂ ಇಪ್ಪತ್ತು ಕಂಪ್ಯೂಟರ್‌ಗಳ ಅನಿಮೇಷನ್ ಲ್ಯಾಬ್, ಅದನ್ನು ನಡೆಸಬಲ್ಲ ಒಬ್ಬ ಕಲಾ ಅಧ್ಯಾಪಕರನ್ನು ಕೊಟ್ಟರೆ ಅದು ದೊಡ್ಡ ಬೇಡಿಕೆಯೇನಲ್ಲ. ಅಥಣಿಯ ಚಪ್ಪಲಿ ವಿನ್ಯಾಸಕ್ಕೂ ಅದೇ ಲ್ಯಾಬ್ ನೆರವಾದೀತು.

2027ರ ಜೂನ್‌ನಲ್ಲಿ ಮುಂದಿನ ಸ್ಪೈಡರ್‌ವರ್ಸ್ ಬಂದಾಗ ಖಂಡಿತ ನೋಡೋಣ, ಆದಷ್ಟು ಕನ್ನಡದಲ್ಲೇ ಕೇಳಿ ನೋಡೋಣ. ಚಿತ್ರ ಮುಗಿದ ಕೂಡಲೇ ಎದ್ದು ಹೊರಡದೆ ಕೊನೆಗೆ ಸಾಲುಸಾಲಾಗಿ ಮೇಲೇರುವ ಹೆಸರುಗಳನ್ನೂ ಓದೋಣ. ಗೆರೆ ಎಳೆದವರು ಅಲ್ಲಿದ್ದಾರೆ. ಆ ಪಟ್ಟಿಯಲ್ಲಿ ನಮ್ಮ ಕಡೆಯವರ ಹೆಸರು ಬರಬೇಕು. ಜೊತೆಗೆ ಕಥೆಯ ಒಡೆತನದ ಕಾಗದದಲ್ಲೂ ಬರಬೇಕು.